ಹೊಸ ಮನೆ ಒಗ್ಗಬೇಕಾದರೆ

ಊರು ಬದಲಾಯಿಸಿದವರು "ಇಲ್ಲಿಯ ನೀರು ಒಗ್ಗಲಿಲ್ಲ" ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಹೊಸ ಮನೆಗೆ ಒಕ್ಕಲಾದವರ ಬಾಯಲ್ಲೂ ಇದೇ ಮಾತು ಬರುತ್ತದೆ. ಮನೆ ದೊಡ್ಡದಾಗಿದೆ, ನೆಲ ಹೊಳೆಯುತ್ತಿದೆ, ಬಣ್ಣ ಚೆನ್ನಾಗಿದೆ. ಆದರೂ ದಾದಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಮಗುವಿಗೆ ಬಿಟ್ಟು ಬಿಟ್ಟು ಕೆಮ್ಮು, ಮನೆಯೊಡತಿಗೆ ತಲೆನೋವು. "ಯಾರ ನಝರ್ ತಾಗಿತೋ" ಎಂದು ಕೆಲವರು ಚಿಂತಿಸುತ್ತಾರೆ. ಇನ್ನು ಕೆಲವರು ಇನ್ನಷ್ಟು ಸಾಮಾನು ತಂದು ತುಂಬಿಸಿದರೆ ಮನೆ ತುಂಬಿದಂತಾಗಿ ಸರಿಹೋಗಬಹುದು ಎಂದುಕೊಳ್ಳುತ್ತಾರೆ. ದುಆ ಮಾಡುವುದು ಒಳ್ಳೆಯದೇ. ಅದರ ಜೊತೆಗೆ ಗೋಡೆಯನ್ನೊಮ್ಮೆ ಮುಟ್ಟಿ ನೋಡಬೇಕು, ಕಿಟಕಿ ತೆರೆದು ನೋಡಬೇಕು, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಮನಸ್ಸಿನಲ್ಲೇನಿದೆ ಎಂದು ಕೇಳಬೇಕು.

ಕಾರವಾರ, ಅಂಕೋಲಾ ಭಾಗದ ನಮಗೆ ಹೊಸ ಮನೆ ಎಂಬುದು ಯಾವಾಗಲೂ ಇಷ್ಟಪಟ್ಟು ಬಂದದ್ದಲ್ಲ. ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸ ಆದದ್ದು 1986ರಲ್ಲಿ. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಈ ನಡುವಿನ ವರ್ಷಗಳಲ್ಲಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕಡಲಂಚಿನ ಸಾವಿರಾರು ಕುಟುಂಬಗಳು ತಲೆತಲಾಂತರದ ಮನೆ, ಬಾವಿ, ತೆಂಗಿನ ತೋಟ, ದೋಣಿ ಎಳೆಯುವ ಜಾಗ ಎಲ್ಲವನ್ನೂ ಬಿಟ್ಟು ತೋಡೂರು, ಮುದಗಾ, ಹಾರವಾಡದಂಥ ಪುನರ್ವಸತಿ ಕಾಲೋನಿಗಳಿಗೆ ಬಂದವು. ಹೆದ್ದಾರಿ ಅಗಲೀಕರಣದಲ್ಲಿ ಮನೆಯ ಮುಂಭಾಗ ಕಳೆದುಕೊಂಡು ಹಿಂದೆ ಸರಿದು ಕಟ್ಟಿಕೊಂಡವರಿದ್ದಾರೆ. 2019 ಮತ್ತು 2021ರ ನೆರೆಯಲ್ಲಿ ಕಾಳಿ, ಗಂಗಾವಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದಾಗ ತಮ್ಮದೇ ಮನೆಯನ್ನು ಹೊಸದಾಗಿ ಮನೆ ಮಾಡಿಕೊಂಡವರಿದ್ದಾರೆ. ಇವರ ಜೊತೆಗೆ ಕೊಲ್ಲಿಯಲ್ಲಿ ಇಪ್ಪತ್ತು ವರ್ಷ ದುಡಿದು ಒಂದೊಂದೇ ಕಲ್ಲು ಇಟ್ಟು ಮನೆ ಎಬ್ಬಿಸಿದ ನಮ್ಮ ಸಹೋದರರು.

ಈ ಎಲ್ಲರಿಗೂ ಒಂದು ವಿಷಯ ಸಮಾನ. ಮನೆ ಕಟ್ಟುವುದು ಮೇಸ್ತ್ರಿಯ ಕೆಲಸ. ಅದು ಒಗ್ಗುವಂತೆ ಮಾಡುವುದು ಅಲ್ಲಿ ವಾಸಿಸುವವರ ಕೆಲಸ. ಇದಕ್ಕೆ ಸಮಯ ಬೇಕು, ಸ್ವಲ್ಪ ತಿಳಿವಳಿಕೆ ಬೇಕು. ಹಣ ನಾವು ಅಂದುಕೊಂಡಷ್ಟು ಬೇಕಾಗುವುದಿಲ್ಲ.

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯ ಕಾಪಾಡುವ ಆರು ಅಗತ್ಯಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತಾರೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಹಾಗೂ ದೇಹದಿಂದ ಹೊರಹೋಗಬೇಕಾದದ್ದು ಹೋಗುವುದು ಮತ್ತು ಉಳಿಯಬೇಕಾದದ್ದು ಉಳಿಯುವುದು. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಇವುಗಳನ್ನು ವಿವರಿಸಿದ್ದಾರೆ. ಮನೆ ಬದಲಾದಾಗ ಈ ಆರೂ ಒಂದೇ ದಿನದಲ್ಲಿ ಬದಲಾಗುತ್ತವೆ. ದೇಹ ಗೊಂದಲಕ್ಕೆ ಬೀಳುವುದು ಅದಕ್ಕೇ. ಒಂದೊಂದನ್ನೇ ಸರಿಪಡಿಸುತ್ತ ಬಂದರೆ ಮನೆ ಒಗ್ಗುತ್ತದೆ.

1. ಗಾಳಿ: ಗೋಡೆ ಒಣಗಿದೆಯೇ?

ಬಗ್ದಾದಿನಲ್ಲಿ ಆಸ್ಪತ್ರೆಗೆ ಸ್ಥಳ ಹುಡುಕುವಾಗ ಹಕೀಮ್ ಅರ್‌ರಾಝಿಯವರು ನಗರದ ಬೇರೆ ಬೇರೆ ಕಡೆ ಮಾಂಸದ ತುಂಡು ತೂಗುಹಾಕಿಸಿ, ಎಲ್ಲಿ ಅದು ತಡವಾಗಿ ಕೆಟ್ಟಿತೋ ಆ ಜಾಗವನ್ನು ಆರಿಸಿದರೆಂಬ ಕಥೆ ವೈದ್ಯರಲ್ಲಿ ಪ್ರಸಿದ್ಧ. ಗಾಳಿ ಹಗುರವಾಗಿ, ಒಣಗಿ, ಆಡುತ್ತಿರಬೇಕು ಎಂಬುದು ಅದರ ತಾತ್ಪರ್ಯ.

ನಮ್ಮ ಕರಾವಳಿಯಲ್ಲಿ ಇದೇ ಕಷ್ಟದ ವಿಷಯ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊಸ ಗೋಡೆಯೊಳಗೂ ನೀರಿರುತ್ತದೆ. ಗಾರೆ ಕಲಸಿದ ನೀರು, ಗಿಲಾವಿನ ನೀರು, ವಾರಗಟ್ಟಲೆ ಹಾಕಿದ ಕ್ಯೂರಿಂಗ್ ನೀರು. ಮೇಲ್ಮೈ ಒಣಗಿದಂತೆ ಕಂಡರೂ ಒಳಗಿನ ತೇವ ಹೊರಬರಲು ತಿಂಗಳುಗಳು ಬೇಕು. ನಮ್ಮ ಚಿರೆಕಲ್ಲಿಗೆ ಸಣ್ಣ ಸಣ್ಣ ರಂಧ್ರಗಳಿವೆ. ಅದು ನೀರು ಕುಡಿಯುತ್ತದೆ, ನಿಧಾನವಾಗಿ ಬಿಡುತ್ತದೆ. ಏಪ್ರಿಲ್ ಕೊನೆಗೆ ಗಿಲಾವು ಮುಗಿಸಿ, ಮೇ ತಿಂಗಳಲ್ಲಿ ಬಣ್ಣ ಬಳಿದು, ಮಳೆ ಹಿಡಿಯುವ ಮೊದಲೇ ಒಕ್ಕಲಾದರೆ ತೇವವೆಲ್ಲ ಬಣ್ಣದ ಹಿಂದೆ ಸಿಕ್ಕಿಬೀಳುತ್ತದೆ. ಜುಲೈ ಹೊತ್ತಿಗೆ ಕಪಾಟಿನ ಹಿಂದೆ ಕಪ್ಪು ಬೂಷ್ಟು. ಅದರ ಕಣಗಳು ಗಾಳಿಯಲ್ಲಿ ತೇಲಿ ಶ್ವಾಸಕೋಶ ಸೇರುತ್ತವೆ. ದಮ್ಮು ಇರುವವರಿಗೆ, ಎಳೆಯ ಮಕ್ಕಳಿಗೆ ಕೆಮ್ಮು, ಸೀನು, ಉಬ್ಬಸ ಶುರುವಾಗುವುದು ಹೀಗೆ. ಹಾಸಿಗೆಯಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಧೂಳುಹುಳಗಳಿಗೂ ತೇವವೇ ಬೇಕು.

ಗೋಡೆ ಒಣಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದು ಅಡಿ ಚದರದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಟೇಪು ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗೇ ಇದೆ. ಬಣ್ಣ ಬಳಿಯಲು ಇನ್ನೂ ಕಾಯಬೇಕು. ಹೊರಬದಿಯಲ್ಲಿ ಹನಿಯಿದ್ದರೆ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚಿದೆ. ಗಾಳಿಯಾಡಲು ದಾರಿ ಮಾಡಬೇಕು.

ಸಾಧ್ಯವಾದರೆ ಗಿಲಾವಿನ ಕೆಲಸವನ್ನು ಡಿಸೆಂಬರ್–ಜನವರಿಯಲ್ಲಿ ಮುಗಿಸಿ. ಫೆಬ್ರವರಿಯಿಂದ ಮೇವರೆಗಿನ ಬಿಸಿಲು ಗೋಡೆಗೆ ಸಿಗಲಿ. ಕೆಲಸ ತಡವಾದರೆ ಮಳೆಗಾಲ ಕಳೆದ ಮೇಲೆ ಒಕ್ಕಲಾಗಿ. ಅನಿವಾರ್ಯವಾಗಿ ಮೊದಲೇ ಹೋಗಬೇಕಾಗಿ ಬಂದರೆ ಆ ವರ್ಷ ಒಳಗೋಡೆಗಳಿಗೆ ಸುಣ್ಣ ಮಾತ್ರ ಬಳಿಯಿರಿ. ಸುಣ್ಣದ ಮೂಲಕ ಗೋಡೆಯ ತೇವ ಹೊರಹೋಗುತ್ತದೆ, ಬೂಷ್ಟೂ ಅಷ್ಟು ಬೇಗ ಹಿಡಿಯುವುದಿಲ್ಲ. ಖರ್ಚೂ ಕಡಿಮೆ.

ಪಡುವಣ ಗೋಡೆಯ ಕಾಳಜಿ ಬೇರೆಯೇ. ಹಿಂದೆ ಮಳೆಗಾಲಕ್ಕೆ ಮೊದಲು ಪಶ್ಚಿಮದ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ಕಾಂಕ್ರೀಟ್ ಮನೆಗೆ ತಟ್ಟಿ ಚೆನ್ನಾಗಿ ಕಾಣುವುದಿಲ್ಲವೆಂದು ಬಿಟ್ಟಿದ್ದೇವೆ. ಆದರೆ ಗಾಳಿಮಳೆ ಬೀಸುವ ದಿಕ್ಕು ಬದಲಾಗಿಲ್ಲ. ಆ ಬದಿಯ ಕಿಟಕಿಗಳ ಮೇಲೆ ಅಗಲವಾದ ಸಜ್ಜೆ ಅಥವಾ ತಗಡಿನ ಮಾಡು ಇರಲಿ. ಕಪಾಟು, ಮಂಚಗಳನ್ನು ಆ ಗೋಡೆಯಿಂದ ಮೂರು ಬೆರಳಾದರೂ ದೂರವಿಡಿ. ಹಸುಗೂಸು ಮತ್ತು ಬಾಣಂತಿ ಮಲಗುವ ಕೋಣೆ ಆ ಬದಿಗೆ ಬೇಡ.

ಮಂಗಳೂರು ಹಂಚಿನ ಮನೆಯಲ್ಲಿ ಹಂಚುಗಳ ಸಂದಿಯಿಂದ ಹೊಗೆ, ಬಿಸಿ, ಹಬೆ ತಾನಾಗಿ ಹೊರಹೋಗುತ್ತಿತ್ತು. ಸ್ಲ್ಯಾಬ್ ಹಾಕಿದ ಮನೆಗೆ ಆ ಅನುಕೂಲವಿಲ್ಲ. ಪ್ರತಿ ಕೋಣೆಯಲ್ಲಿ ಎದುರುಬದುರಾಗಿ ಎರಡು ತೆರಪುಗಳಿರಲಿ, ಒಂದು ಎತ್ತರದಲ್ಲಿರಲಿ. ಹಗಲಲ್ಲಿ ಕಡಲಗಾಳಿ ಪಶ್ಚಿಮದಿಂದ, ರಾತ್ರಿ ನೆಲದ ಗಾಳಿ ಪೂರ್ವದಿಂದ ಬರುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಎರಡೂ ಬದಿಯ ಕಿಟಕಿಗಳನ್ನು ಬೆಳಿಗ್ಗೆ ಒಂದು ಗಂಟೆ, ಸಂಜೆ ಸೊಳ್ಳೆ ಬರುವ ಮೊದಲು ಒಂದು ಗಂಟೆ ತೆರೆದಿಡಿ.

ಹೊಸ ಬಣ್ಣ, ಪ್ಲೈವುಡ್, ಅಂಟು, ಹೊಸ ಸೋಫಾ ಇವುಗಳ ವಾಸನೆಯನ್ನು 'ಹೊಸತರ ವಾಸನೆ' ಎಂದು ಇಷ್ಟಪಡುವವರಿದ್ದಾರೆ. ಅದು ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳ ಆವಿ. ಕಣ್ಣುರಿ, ಗಂಟಲು ಕೆರೆತ, ತಲೆನೋವಿಗೆ ಇದು ಕಾರಣವಾಗುತ್ತದೆ. ಬಣ್ಣ ಮತ್ತು ಮರಗೆಲಸ ಮುಗಿದು ಕೆಲವು ವಾರ ಕಿಟಕಿ, ಕಪಾಟಿನ ಬಾಗಿಲು ತೆರೆದಿಟ್ಟ ಮೇಲೆ ಮಲಗಲು ಹೋಗಿ. ಮನೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಡಬ್ಬದ ಮೇಲೆ ಅದು ನಮೂದಾಗಿದೆಯೇ ನೋಡಿ ಕೊಳ್ಳಿರಿ. ಹಳೆಯ ಬಾಗಿಲು, ತೊಟ್ಟಿಲುಗಳ ಹಳೆ ಬಣ್ಣವನ್ನು ಮಕ್ಕಳಿರುವ ಕಡೆ ಕೆರೆಯಬೇಡಿ.

ಮನೆಗೆ ಪರಿಮಳ ಬರಲೆಂದು ಲೋಬಾನ, ಊದ್ ಹಾಕುವುದು ನಮ್ಮ ಹಳೆಯ ರೂಢಿ. ಯುನಾನಿಯಲ್ಲಿ ಇದಕ್ಕೆ 'ಬಖೂರ್' ಎಂಬ ಹೆಸರಿದೆ. ಪರಿಮಳ ಮನಸ್ಸಿಗೆ ಹಿತ. ಆದರೆ ಹೊಗೆ ಹೊಗೆಯೇ. ಕಿಟಕಿ ತೆರೆದು, ಸ್ವಲ್ಪ ಹೊತ್ತು ಮಾತ್ರ ಹಾಕಿ. ದಮ್ಮಿನವರು ಮತ್ತು ಶಿಶುಗಳಿರುವ ಕೋಣೆಗೆ ಬೇಡ. ಬಾಣಂತಿ ಕೋಣೆಯನ್ನು ಬೆಚ್ಚಗಿಡಲೆಂದು ಇದ್ದಿಲ ಕೆಂಡವಿಟ್ಟು ಬಾಗಿಲು ಮುಚ್ಚಿ ಮಲಗುವುದಂತೂ ಪ್ರಾಣಾಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹಂಚಿನ ಮನೆಯಲ್ಲಿ ಅಜ್ಜಿಯರು ಮಾಡುತ್ತಿದ್ದುದನ್ನು ಸ್ಲ್ಯಾಬಿನ ಮನೆಯಲ್ಲಿ ಮಾಡಬಾರದು.

2. ಅನ್ನಪಾನ: ಅಡಿಗೆಮನೆ ಮೊದಲು

ಮನೆಗೆ ಮನೆಯೆಂಬ ಭಾವ ಮೊದಲು ಬರುವುದು ಅಡಿಗೆಮನೆಯಲ್ಲಿ. ಪರಿಚಿತ ಊಟದ ವಾಸನೆ ನೆನಪಿಗೂ ಭಾವನೆಗೂ ಸಂಬಂಧಿಸಿದ ಮೆದುಳಿನ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಆದ್ದರಿಂದ ಮೊದಲ ವಾರ ಹೋಟೆಲಿನ ಬಿರಿಯಾನಿ ತರಿಸಿ ದಿನ ಕಳೆಯಬೇಡಿ. ಗಂಜಿ, ಮೀನಸಾರು, ಮುರುಗಲಿನ ಕಡಿ, ಮನೆಯವರಿಗೆ ರೂಢಿಯಿರುವುದನ್ನೇ ಮಾಡಿ. ಹಳೆಯ ಮನೆಯ ಪಾತ್ರೆ, ಒರಳು, ಮಸಾಲೆ ಡಬ್ಬಗಳು ಮೊದಲ ದಿನವೇ ಬರಲಿ. ಹೊಟ್ಟೆಗೆ ಬದಲಾವಣೆ ಕಡಿಮೆಯಾದಷ್ಟೂ ಅಜೀರ್ಣ, ಮಲಬದ್ಧತೆ ಕಡಿಮೆ.

'ನೀರು ಒಗ್ಗಲಿಲ್ಲ' ಎಂಬ ದೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡಲಂಚಿನ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಸೇರುತ್ತದೆ. ಶೌಚಗುಂಡಿ ಬಾವಿಗೆ ಹತ್ತಿರವಿದ್ದರೆ ಅದರ ನೀರು ಮಳೆಗಾಲದಲ್ಲಿ ಬಾವಿಗಿಳಿಯುತ್ತದೆ. ಇವೆರಡರ ನಡುವೆ ಕನಿಷ್ಠ 15 ಮೀಟರ್ ಅಂತರವಿರಲಿ; ನಿಮ್ಮ ಗುಂಡಿಗೂ ನೆರೆಯವರ ಬಾವಿಗೂ ಇದೇ ಲೆಕ್ಕ. ಹೊಸ ಬಾವಿ ಅಥವಾ ನೆರೆನೀರು ಹೊಕ್ಕ ಬಾವಿಯಾದರೆ ಮೊದಲು ಶುದ್ಧಗೊಳಿಸಬೇಕು. 1000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಮಾನ್ಯ ಲೆಕ್ಕ. ಬಾವಿಯ ಅಡ್ಡಳತೆ ಎರಡೂವರೆ ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 14,700 ಲೀಟರ್ ನೀರಿರುತ್ತದೆ. ಅದಕ್ಕೆ ಸುಮಾರು 37 ಗ್ರಾಂ ಸಾಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣದ ಅಂಶ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಹಾಕಿ, ಕೊಡಪಾನ ಇಳಿಸಿ ಚೆನ್ನಾಗಿ ಕದಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ. ನೆರೆನೀರು ತುಂಬಾ ರಾಡಿಯಾಗಿದ್ದರೆ ಮೊದಲು ಬಾವಿ ಖಾಲಿ ಮಾಡಿಸಿ, ಹೂಳು ತೆಗೆಸಿ. ಕುಡಿಯುವ ನೀರನ್ನು ಗುಳ್ಳೆ ಏಳುವಂತೆ ಕುದಿಸಿ ಆರಿಸಿ ಕುಡಿಯುವ ಅಭ್ಯಾಸ ಎಂದಿಗೂ ಒಳ್ಳೆಯದು.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಅಡಿಗೆಮನೆಯ ಎತ್ತರದಲ್ಲಿ ಹೊಗೆ ಹೋಗುವ ಫ್ಯಾನ್ ಇದ್ದರೆ ಸಾಲದು, ಸಿಲಿಂಡರ್ ಇರುವ ಕಡೆ ನೆಲಮಟ್ಟದಲ್ಲೂ ಗಾಳಿಕಿಂಡಿ ಬೇಕು.

3. ದೇಹದ ಚಲನೆ: ಹಿರಿಯರ ಕಾಲಿಗೆ ಪರಿಚಯವಾಗಲಿ

ಹಳೆಯ ಮನೆಯಲ್ಲಿ ಎಪ್ಪತ್ತರ ದಾದಿ ಕತ್ತಲಲ್ಲೂ ಎಡವದೆ ಬಚ್ಚಲಿಗೆ ಹೋಗಿಬರುತ್ತಾರೆ. ಎಷ್ಟು ಹೆಜ್ಜೆ, ಎಲ್ಲಿ ಹೊಸ್ತಿಲು ಎಂಬುದು ಅವರ ಕಾಲಿಗೆ ಗೊತ್ತು. ಹೊಸ ಮನೆಯಲ್ಲಿ ಆ ತಿಳಿವು ಶೂನ್ಯದಿಂದ ಶುರುವಾಗಬೇಕು. ಅದರ ಮೇಲೆ ಕನ್ನಡಿಯಂಥ ಟೈಲ್ಸ್. ವುಝೂ ಮಾಡಿ ಒದ್ದೆ ಕಾಲಲ್ಲಿ ಹೊರಬಂದಾಗ ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ಆ ವಯಸ್ಸಿನಲ್ಲಿ ಸೊಂಟ ಮುರಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ಬಚ್ಚಲು ಮತ್ತು ವುಝೂ ಮಾಡುವ ಜಾಗಕ್ಕೆ ಒರಟು ಟೈಲ್ಸನ್ನೇ ಹಾಕಿಸಿ. ಕುಳಿತು ವುಝೂ ಮಾಡಲು ಒಂದು ಗಟ್ಟಿ ಕಟ್ಟೆ, ಹಿಡಿದುಕೊಂಡು ಏಳಲು ಗೋಡೆಗೊಂದು ಹಿಡಿ, ಹೊರಗೆ ಕಾಲೊರೆಸಲು ಜಾರದ ಚಾಪೆ ಇರಲಿ. ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ. ಹಿರಿಯರ ಕೋಣೆ ಕೆಳಗಿನ ಅಂತಸ್ತಿನಲ್ಲೇ ಇರಲಿ. ಒಕ್ಕಲಾದ ಮೊದಲ ವಾರ ದಿನಕ್ಕೆರಡು ಸಲ ಅವರ ಕೈ ಹಿಡಿದು ಇಡೀ ಮನೆ ಸುತ್ತಾಡಿಸಿ. ಇದೂ ಚಿಕಿತ್ಸೆಯೇ.

ಇನ್ನೊಂದು ಮಾತು. ಹಳೆಯ ಮನೆಯಲ್ಲಿ ಅವರಿಗೆ ಒಂದು ಕೆಲಸವಿತ್ತು. ಕೋಳಿಗೆ ಕಾಳು ಹಾಕುವುದು, ಮೀನು ಹಸನು ಮಾಡುವುದು, ತೆಂಗಿನಕಾಯಿ ತುರಿಯುವುದು. ಹೊಸ ಮನೆಯಲ್ಲಿ "ನೀವು ಸುಮ್ಮನೆ ಕುಳಿತುಕೊಳ್ಳಿ" ಎಂದು ಪ್ರೀತಿಯಿಂದಲೇ ಕೆಲಸ ಕಿತ್ತುಕೊಳ್ಳುತ್ತೇವೆ. ಎತ್ತರದ ಕಟ್ಟೆಯ ಅಡಿಗೆಮನೆಯಲ್ಲಿ ಅವರಿಗೆ ಕೂರಲು ಜಾಗವೇ ಇರುವುದಿಲ್ಲ. ಒಂದು ಮೂಲೆಯಲ್ಲಿ ತಗ್ಗಿನ ಆಸನವಿಟ್ಟು ಅವರ ಕೆಲಸ ಅವರಿಗೆ ಕೊಡಿ. ಕೆಲಸವಿಲ್ಲದ ಮನೆಯಲ್ಲಿ ಹಿರಿಯರು ಅತಿಥಿಗಳಾಗಿಬಿಡುತ್ತಾರೆ.

4. ಮನಸ್ಸು: ಬಿಟ್ಟು ಬಂದದ್ದರ ದುಃಖ

ದುಃಖ, ಭಯ, ಸಿಟ್ಟು, ಸಂತೋಷ ಇವು ದೇಹದ ಮಿಝಾಜನ್ನು ಬದಲಿಸುತ್ತವೆ ಎಂದು ಯುನಾನಿ ಹೇಳುತ್ತದೆ. ಮನೆ ಬಿಟ್ಟು ಬಂದವರ ದುಃಖಕ್ಕೆ ನಾವು ಸಾಕಷ್ಟು ಜಾಗ ಕೊಡುವುದಿಲ್ಲ. "ಇಷ್ಟು ಒಳ್ಳೆಯ ಮನೆ ಸಿಕ್ಕಿರುವಾಗ ಅಳುವುದೇಕೆ?" ಎಂದು ಕೇಳುತ್ತೇವೆ. ತನ್ನ ಮಕ್ಕಳು ಹುಟ್ಟಿದ ಕೋಣೆ, ಪತಿಯ ಜನಾಝಾ ಹೊರಟ ಅಂಗಳ ಬಿಟ್ಟುಬಂದ ಹೆಂಗಸಿಗೆ ಅಳು ಬರುವುದು ಕೃತಘ್ನತೆಯಲ್ಲ. ಪರಿಹಾರದ ಹಣ ಮತ್ತು ನಿವೇಶನದಿಂದ ತೀರುವ ನಷ್ಟವೂ ಅಲ್ಲ ಅದು. ಸೀಬರ್ಡ್ ಕಾಲೋನಿಗಳ ಹಿರಿಯರನ್ನು ಇಂದಿಗೂ ಮಾತನಾಡಿಸಿ ನೋಡಿ. ಹಳೆಯ ಊರಿನ ಬಾವಿಯ ನೀರಿನ ರುಚಿಯವರೆಗೂ ಹೇಳುತ್ತಾರೆ. ಅವರು ಹೇಳುವಾಗ ಮಕ್ಕಳು, ಮೊಮ್ಮಕ್ಕಳು ಕುಳಿತು ಕೇಳಬೇಕು. ಹೇಳಿಕೊಂಡ ದುಃಖ ಹಗುರವಾಗುತ್ತದೆ.

ಹಳೆಯ ಮನೆಯಿಂದ ಏನಾದರೊಂದನ್ನು ತರಬೇಕು. ಒಂದು ಬಾಗಿಲು, ಒಂದು ಪೆಟ್ಟಿಗೆ, ಅಂಗಳದ ಮಲ್ಲಿಗೆಯ ಒಂದು ಟೊಂಗೆ. ಅಂಕೋಲೆಯವರಾದರೆ ಒಂದು ಕರಿ ಈಶಾಡ ಮಾವಿನ ಸಸಿ. ನಮ್ಮ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಗಿಡ ಹಣ್ಣು ಬಿಡಲು ವರ್ಷಗಳು ಬೇಕು. ಆದರೆ ದಿನವೂ ನೀರೆರೆಯಲು ಹಿತ್ತಲಿಗಿಳಿಯುವವರ ಕಾಲಿಗೆ ಆ ನೆಲದ ಪರಿಚಯ ಬೇಗ ಆಗುತ್ತದೆ.

ಮದುವೆಯಾಗಿ ಬಂದ ಸೊಸೆಗೆ ಪ್ರತಿ ಮನೆಯೂ ಹೊಸ ಮನೆಯೇ ಎಂಬುದನ್ನೂ ಮರೆಯಬಾರದು. ಅವಳ ಊಟದ ರೂಢಿ, ನಿದ್ದೆಯ ಹೊತ್ತು ಎಲ್ಲವೂ ಒಂದೇ ದಿನದಲ್ಲಿ ಬದಲಾಗಿವೆ. ತಿಂಗಳ ಮುಟ್ಟು ಏರುಪೇರಾಗುವುದು, ಹಸಿವು ಕಡಿಮೆಯಾಗುವುದು ಇಂಥ ಸಮಯದಲ್ಲಿ ಸಾಮಾನ್ಯ. ಅವಳ ತವರಿನ ಅಡಿಗೆಯೊಂದು ವಾರಕ್ಕೊಮ್ಮೆಯಾದರೂ ನಿಮ್ಮ ಒಲೆಯ ಮೇಲೆ ಆಗಲಿ.

ಸಾಲವನ್ನೂ ಇದೇ ತಲೆಬರಹದ ಕೆಳಗೆ ಹೇಳಬೇಕು. ತಾರಸಿಗೆ ಅಲಂಕಾರದ ಒಳಮಾಡು, ಹಜಾರಕ್ಕೆ ದೊಡ್ಡ ಸೋಫಾ, ಒಕ್ಕಲಿಗೆ ಐನೂರು ಜನರ ಊಟ. ಇವಕ್ಕಾಗಿ ಮಾಡಿದ ಸಾಲ ಮನೆಯವರ ಜೊತೆಗೇ ಒಳಗೆ ಬಂದು ಕೂರುತ್ತದೆ. ಕಂತಿನ ಚಿಂತೆಯಿಂದ ನಿದ್ದೆಗೆಟ್ಟ ಗಂಡ, ಅವನ ಸಿಟ್ಟಿಗೆ ಹೆದರುವ ಹೆಂಡತಿ ಮಕ್ಕಳು. ಆ ಮನೆಯಲ್ಲಿ ಯಾವ ಸೋಫಾ ಮೆತ್ತಗಿರುತ್ತದೆ? ಹಣ ಕಡಿಮೆಯಿದ್ದರೆ ಈ ಕ್ರಮದಲ್ಲಿ ಖರ್ಚು ಮಾಡಿ: ನೀರು ಸೋರದ ಮಾಡು, ಗಾಳಿ ಬೆಳಕಿನ ಕಿಟಕಿ, ಶುದ್ಧ ನೀರು, ಸರಿಯಾದ ಚರಂಡಿ ಮತ್ತು ಶೌಚಾಲಯ, ಜಾರದ ಬಚ್ಚಲು, ಕಿಟಕಿಗಳಿಗೆ ಸೊಳ್ಳೆಜಾಲರಿ. ಉಳಿದದ್ದೆಲ್ಲ ನಿಧಾನವಾಗಿ ಆಗಲಿ.

5. ನಿದ್ದೆ: ಮೆದುಳಿನ ಕಾವಲು

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬಾರದಿರುವುದು ನಮ್ಮೆಲ್ಲರ ಅನುಭವ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಕಾರಣವನ್ನು ತೋರಿಸಿದರು. ಅಪರಿಚಿತ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮೆದುಳಿನ ಎಡ ಅರ್ಧದ ಒಂದು ಭಾಗ ಬಲಭಾಗದಷ್ಟು ಆಳವಾಗಿ ಮಲಗುವುದಿಲ್ಲ. ಸಣ್ಣ ಸದ್ದಿಗೂ ಎಚ್ಚರಗೊಳ್ಳುತ್ತದೆ. ಮೆದುಳು ಕಾವಲು ಕುಳಿತಿರುತ್ತದೆ ಎನ್ನಬಹುದು. ಜಾಗ ಪರಿಚಿತವಾದಂತೆ ಈ ಕಾವಲು ಸಡಿಲವಾಗುತ್ತದೆ. ಮನೆ 'ಒಗ್ಗಿತು' ಎನ್ನುವುದರಲ್ಲಿ ಇದೂ ಸೇರಿದೆ.

ಈ ಕಾವಲು ಬೇಗ ಸಡಿಲವಾಗಲು ಪರಿಚಿತ ವಸ್ತುಗಳು ನೆರವಾಗುತ್ತವೆ. ಹೊಸ ಮಂಚ ತಂದರೂ ಹಳೆಯ ದಿಂಬು, ಹಳೆಯ ಗೋದಡಿ ಬಿಸಾಡಬೇಡಿ. ಬಿಸಿಲಿಗೆ ಹಾಕಿ ಅದನ್ನೇ ಹೊದೆಯಿರಿ. ತಲೆ ಹಾಕುವ ದಿಕ್ಕು, ಮಲಗುವ ಹೊತ್ತು, ಇಶಾ ನಂತರದ ಕ್ರಮ ಎಲ್ಲವೂ ಹಳೆಯಂತೆಯೇ ಇರಲಿ. ಒಂಟಿ ಕೋಣೆ ಕೊಟ್ಟ ಮಾತ್ರಕ್ಕೆ ಚಿಕ್ಕ ಮಕ್ಕಳನ್ನು ಮೊದಲ ದಿನವೇ ಬೇರೆ ಮಲಗಿಸಬೇಡಿ. ಹೊಸ ಮನೆಯಲ್ಲಿ ಮಗು ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡರೆ ಗದರಬೇಡಿ. ಅನೇಕ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನೇ ನಿಲ್ಲುತ್ತದೆ.

ಹಿರಿಯರ ನಿದ್ದೆ ಕೆಟ್ಟಿತೆಂದು ಅಂಗಡಿಯಿಂದ ನಿದ್ದೆಗುಳಿಗೆ ತಂದು ಕೊಡಬೇಡಿ. ರಾತ್ರಿ ತೂರಾಡಿ ಬೀಳುವ ಅಪಾಯ ಅದರಿಂದ ಹೆಚ್ಚುತ್ತದೆ. ಹಗಲು ಬೆಳಕಿನಲ್ಲಿ ಸ್ವಲ್ಪ ನಡಿಗೆ, ಸಂಜೆ ಮೇಲೆ ಚಹಾ ಬೇಡ, ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಣ್ಣೆಯ ಹಗುರ ಮಾಲೀಸು. ಇದು ಹೆಚ್ಚಿನವರಿಗೆ ಹಿತ ಕೊಡುತ್ತದೆ. ಎಣ್ಣೆ ಹಚ್ಚಿದ ಕಾಲನ್ನು ಒರೆಸಿದ ಮೇಲೆಯೇ ನೆಲಕ್ಕಿಳಿಯಬೇಕು.

ಕೆಲವು ಲಕ್ಷಣಗಳಿಗೆ ಕಾಯಬಾರದು. ಎರಡು ವಾರ ಮೀರಿಯೂ ಊಟ, ನಿದ್ದೆ, ಮಾತು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕು ಬೇಡ ಎಂಬ ಮಾತು ಬಂದರೆ ವೈದ್ಯರಿಗೆ ತೋರಿಸಿ. ಹಿರಿಯರು ಒಮ್ಮೆಲೇ ಗೊಂದಲಗೊಂಡು, ಮನೆಯವರನ್ನೇ ಗುರುತಿಸದೆ ಮಾತನಾಡಿದರೆ ಅದನ್ನು ಮನೆ ಒಗ್ಗದ್ದೆಂದೋ ನಝರ್ ಎಂದೋ ಬಿಡಬೇಡಿ. ಮೂತ್ರದ ಸೋಂಕು, ನೀರಿನ ಕೊರತೆ, ಸಕ್ಕರೆ ಇಳಿಯುವುದು ಇಂಥ ಕಾರಣಗಳಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳು ತಪ್ಪದಂತೆ ಒಂದು ಕೈಚೀಲದಲ್ಲಿ ಬೇರೆಯೇ ಇಟ್ಟುಕೊಳ್ಳಿ.

6. ಹೊರಹೋಗಬೇಕಾದದ್ದು: ಶೌಚ, ಚರಂಡಿ, ನಿಂತ ನೀರು

ಜೀವನವಿಡೀ ಕುಕ್ಕರುಗಾಲಲ್ಲಿ ಕುಳಿತವರಿಗೆ ಕಮೋಡ್ ಒಗ್ಗುವುದಿಲ್ಲ, ಮಲಬದ್ಧತೆ ಶುರುವಾಗುತ್ತದೆ. ಕಮೋಡಿನ ಮುಂದೆ ಒಂದು ಗೇಣು ಎತ್ತರದ, ಅಲುಗಾಡದ ಮಣೆಯಿಟ್ಟು ಅದರ ಮೇಲೆ ಕಾಲಿಟ್ಟು ಕುಳಿತರೆ ಸುಲಭವಾಗುತ್ತದೆ. ಸಾಧ್ಯವಿದ್ದರೆ ಮನೆಯಲ್ಲಿ ಎರಡೂ ಬಗೆಯದು ಇರಲಿ.

ಕೊಲ್ಲಿಯಲ್ಲಿರುವವರ ದೊಡ್ಡ ಮನೆಗಳಲ್ಲಿ ನಾಲ್ಕು ಬಚ್ಚಲು, ಬಳಸುವವರು ತಾಯಿಯೊಬ್ಬರೇ. ಬಳಸದ ಬಚ್ಚಲಿನ ನೆಲದ ಟ್ರ್ಯಾಪ್‌ನಲ್ಲಿರುವ ನೀರು ಆರಿಹೋದರೆ ಗುಂಡಿಯ ದುರ್ವಾಸನೆ, ಜಿರಳೆ ಮನೆಯೊಳಗೆ ಬರುತ್ತವೆ. ಹೊಸ ಮನೆಯಲ್ಲಿ ಎಲ್ಲಿಂದಲೋ ವಾಸನೆ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ವಾರಕ್ಕೊಮ್ಮೆ ಅಲ್ಲಿ ಎರಡು ತಂಬಿಗೆ ನೀರು ಸುರಿಯಿರಿ. ಶೌಚಗುಂಡಿಯ ಗಾಳಿಕೊಳವೆಯ ಬಾಯಿಗೆ ಜಾಲರಿ ಕಟ್ಟಿ. ಸೊಳ್ಳೆಗಳು ಅಲ್ಲಿಂದಲೇ ಏಳುತ್ತವೆ.

ಮನೆ ಕಟ್ಟುವಾಗ ತುಂಬಿಸಿಟ್ಟ ಡ್ರಮ್ಮು, ಮುಚ್ಚಳವಿಲ್ಲದ ಸಂಪು, ಸ್ಲ್ಯಾಬಿನ ಮೇಲೆ ನಿಂತ ಕ್ಯೂರಿಂಗ್ ನೀರು ಡೆಂಗಿ ಸೊಳ್ಳೆಯ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಂದು ದಿನ ಗೊತ್ತುಮಾಡಿ ಎಲ್ಲ ಪಾತ್ರೆಗಳನ್ನು ಖಾಲಿ ಮಾಡಿ, ಒಳಬದಿ ತಿಕ್ಕಿ ಒಣಗಿಸಿ.

ಗೋಡೆಯ ಬೂಷ್ಟಿನ ಮೇಲೆ ಬಣ್ಣ ಹೊಡೆದು ಮುಚ್ಚಬೇಡಿ, ಅದು ಮತ್ತೆ ಹೊರಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಸಾಬೂನು ನೀರಿನಿಂದ ತಿಕ್ಕಿ ಒಣಗಿಸಿ, ತೇವದ ಮೂಲ ಹುಡುಕಿ ಸರಿಪಡಿಸಿ. ಬ್ಲೀಚಿಂಗ್ ಪುಡಿ ಬಳಸಿದರೆ ಅದಕ್ಕೆ ಶೌಚಾಲಯ ತೊಳೆಯುವ ಆ್ಯಸಿಡ್ ಸೇರಿಸಲೇಬಾರದು, ವಿಷಾನಿಲ ಏಳುತ್ತದೆ.

ಮೊದಲ ನಲವತ್ತು ದಿನ

ಒಕ್ಕಲಾಗುವ ಮೊದಲು: ಪ್ಲಾಸ್ಟಿಕ್ ಹಾಳೆಯಿಂದ ಗೋಡೆ ಪರೀಕ್ಷಿಸಿ, ಬಾವಿ ಶುದ್ಧಗೊಳಿಸಿ, ಬಚ್ಚಲಿಗೆ ಹಿಡಿ ಹಾಕಿಸಿ, ಬಣ್ಣದ ವಾಸನೆ ಹೋಗುವವರೆಗೆ ಕಿಟಕಿ ತೆರೆದಿಡಿ.

ಮೊದಲ ವಾರ: ಹಳೆಯ ಹಾಸಿಗೆ, ಹಳೆಯ ಪಾತ್ರೆ, ಹಳೆಯ ಊಟ. ಹಿರಿಯರೊಂದಿಗೆ ದಿನವೂ ಮನೆ ಸುತ್ತಾಟ. ಮನೆ ನೋಡಲು ಬರುವ ನೆಂಟರ ಗದ್ದಲ ಒಂದೇ ದಿನಕ್ಕೆ ಸಾಕು.

ಮೊದಲ ತಿಂಗಳು: ನಾಲ್ಕೂ ಕಡೆಯ ನೆರೆಯವರಿಗೆ ಸಲಾಮ್, ನಮಸ್ಕಾರ ಹೇಳಿ, ಮಾಡಿದ ಅಡಿಗೆಯಲ್ಲಿ ಒಂದು ಬಟ್ಟಲು ಕಳಿಸಿ. ರಾತ್ರಿ ಹೊತ್ತು ಕರೆದರೆ ಬರುವ ರಿಕ್ಷಾದವರ ಮತ್ತು ಹತ್ತಿರದ ವೈದ್ಯರ ನಂಬರನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಕರೆದರೆ ಬರುವವರಿದ್ದಾರೆ ಎಂಬ ಧೈರ್ಯವಿದ್ದರೆ ಒಂಟಿ ತಾಯಿಯೂ ನೆಮ್ಮದಿಯಿಂದ ಮಲಗುತ್ತಾಳೆ.

ನಲವತ್ತು ದಿನ ತುಂಬುವ ಹೊತ್ತಿಗೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಒಂದು ಸಲ ಮಾತನಾಡಿ. ಯಾರಿಗೆ ಎಲ್ಲಿ ತೊಂದರೆಯಾಗುತ್ತಿದೆ, ಯಾವ ಕೋಣೆಯಲ್ಲಿ ಉಸಿರುಕಟ್ಟುತ್ತದೆ, ಯಾರಿಗೆ ಕೂರಲು ಮೂಲೆ ಸಿಕ್ಕಿಲ್ಲ ಎಂದು ಕೇಳಿ. ಮೊದಲು ಅತ್ಯಂತ ಹಿರಿಯರನ್ನು, ಆಮೇಲೆ ಅತ್ಯಂತ ಕಿರಿಯರನ್ನು ಕೇಳಿ. ಅವರಿಬ್ಬರಿಗೆ ಒಗ್ಗಿದ ಮನೆ ನಡುವಿನ ಎಲ್ಲರಿಗೂ ಒಗ್ಗುತ್ತದೆ.